ಎತ್ತು ಯಾರದು, ದುಡಿ ಯಾರದು?

1

ಅಭಿವೃದ್ಧಿಯ ಬಗ್ಗೆ ಮಾತಾಡುವವರಿಗೆ ಒಂದು ಮಾತು ಸಿಕ್ಕಿಬಿಟ್ಟಿದೆ: ಸ್ಥಳೀಯ ಸಂಸ್ಕೃತಿ. ಯೋಜನೆ ಬರೆಯುವ ಅಧಿಕಾರಿ, ಸಾಲ ಕೊಡುವ ಬ್ಯಾಂಕು, ಸಂಘ ಕಟ್ಟಿಸುವ ಸಂಸ್ಥೆ, ವಿಚಾರಗೋಷ್ಠಿಯ ಪಂಡಿತ, ಎಲ್ಲರದೂ ಒಂದೇ ರಾಗ. ಮೇಲಿನಿಂದ ಹೇರಿದ ಯೋಜನೆ ಹಳ್ಳಿಯಲ್ಲಿ ನಿಲ್ಲುವುದಿಲ್ಲವಂತೆ. ಊರಿನ ಸಂಸ್ಕೃತಿಯೊಳಕ್ಕೆ ಬೇರು ಬಿಟ್ಟರೆ ಮಾತ್ರ ಸಮುದಾಯ ಏಳಿಗೆಯಾಗುತ್ತದಂತೆ. ಕೇಳಲು ಚೆನ್ನಾಗಿದೆ. ಅರ್ಧ ನಿಜವೂ ಹೌದು. ಉಳಿದ ಅರ್ಧವನ್ನು ಯಾರೂ ಹೇಳುತ್ತಿಲ್ಲವಾದ್ದರಿಂದ ನಾವು ಹೇಳಬೇಕಾಗಿದೆ.

ಮೊದಲು ಇದನ್ನು ಕೇಳೋಣ: ಇವರು ಹೇಳುವ ‘ಊರು’ ಯಾವುದು? ನಮ್ಮ ಹಳ್ಳಿಗಳಲ್ಲಿ ಊರು ಅನ್ನುವ ಮಾತಿನೊಳಗೆ ಕೇರಿ ಸೇರುವುದಿಲ್ಲ. ಕೇರಿಯ ಹೆಣ್ಣುಮಗಳು ಕೂಲಿಗೆ ಹೊರಟಾಗ ‘ಊರೊಳಕ್ಕೆ ಹೋಗಿ ಬತ್ತೀನಿ’ ಅಂತಾಳೆ. ಇಪ್ಪತ್ತು ಹೆಜ್ಜೆ ದೂರದ ಜಾಗಕ್ಕೆ ಹೋಗುವ ಮಾತು ಅದು. ಆ ಇಪ್ಪತ್ತು ಹೆಜ್ಜೆಯ ಲೆಕ್ಕ ಯಾವ ಯೋಜನೆಯ ನಕ್ಷೆಯಲ್ಲಿದೆ? ‘ಸಮುದಾಯ’ ಅನ್ನುವ ಒಂದೇ ಮಾತಿನ ಕೆಳಗೆ ಊರನ್ನೂ ಕೇರಿಯನ್ನೂ ಸೇರಿಸಿ ಕಟ್ಟಿದರೆ ಗಂಟು ಬಿಗಿಯಾಗುವುದು ಯಾರ ಕತ್ತಿಗೆ?

ಸಂಸ್ಕೃತಿ ಆರ್ಥಿಕ ಬದುಕನ್ನು ರೂಪಿಸುತ್ತದೆ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಈ ಪಂಡಿತರು ತಿಳಿದಿರುವುದಕ್ಕಿಂತ ಹೆಚ್ಚು ರೂಪಿಸುತ್ತದೆ ಅನ್ನುವುದೇ ನಮ್ಮ ತಕರಾರು. ಅವರ ಕಣ್ಣಿಗೆ ಸಂಸ್ಕೃತಿ ಅಂದರೆ ಜಾತ್ರೆ, ಹಬ್ಬ, ಕುಣಿತ, ಕಸುಬಿನ ಕೈಚಳಕ. ನಮಗೆ ಅದು ಊರಿನ ಲೆಕ್ಕದ ಪುಸ್ತಕವೂ ಹೌದು. ಯಾರಿಗೆ ನೇಗಿಲು, ಯಾರಿಗೆ ಪೊರಕೆ, ಯಾರು ಅಳೆದು ಕೊಡುವವರು, ಯಾರು ಸೆರಗೊಡ್ಡುವವರು ಅನ್ನುವುದೆಲ್ಲ ಅದರಲ್ಲಿ ಬರೆದಿದೆ. ಆ ಪುಸ್ತಕವನ್ನು ತೆರೆಯದೆ ‘ಸಂಸ್ಕೃತಿಯ ಮೂಲಕ ಅಭಿವೃದ್ಧಿ’ ಅನ್ನುವವರು ಹಳೆಯ ಲೆಕ್ಕಕ್ಕೇ ಹೊಸ ಬಡ್ಡಿ ಸೇರಿಸುತ್ತಾರೆ.

2

ಆ ಪುಸ್ತಕ ತೆರೆಯಲು ಕನ್ನಡದಲ್ಲಿ ಎಲ್ಲರೂ ಬಲ್ಲ ಒಂದು ಕಾದಂಬರಿಯೇ ಸಾಕು. ಶಿವರಾಮ ಕಾರಂತರ ‘ಚೋಮನ ದುಡಿ’ ಬಂದದ್ದು 1933ರಲ್ಲಿ. 1975ರಲ್ಲಿ ಬಿ.ವಿ. ಕಾರಂತರು ಅದನ್ನು ಸಿನಿಮಾ ಮಾಡಿದರು, ಅದಕ್ಕೆ ಸ್ವರ್ಣಕಮಲ ಬಂತು. ಪಠ್ಯವಾಯಿತು, ಪರೀಕ್ಷೆಯ ಪ್ರಶ್ನೆಯಾಯಿತು. ನಮ್ಮ ವಿಮರ್ಶಕರು ಚೋಮನ ದುಡಿಯ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ದುಡಿಯ ಲಯ, ದುಡಿಯ ಸಂಕೇತ, ದುಡಿಯಲ್ಲಿ ತುಂಬಿದ ನೋವು ಅಂತೆಲ್ಲ. ಚೋಮನ ಎತ್ತುಗಳ ಬಗ್ಗೆ ಯಾಕೆ ಅಷ್ಟು ಬರೆಯಲಿಲ್ಲ?

ಚೋಮನ ಹತ್ತಿರ ಏನೇನಿತ್ತು ಲೆಕ್ಕ ಹಾಕಿ ನೋಡಿ. ಒಂದು ಜೊತೆ ಎತ್ತು ಇದ್ದವು. ದುಡಿಯುವ ತೋಳು ಇತ್ತು, ದುಡಿಯುವ ಮಕ್ಕಳಿದ್ದರು. ಬೇಸಾಯ ಮಾಡಬೇಕೆಂಬ ತೀರದ ಆಸೆ ಇತ್ತು. ಅರ್ಥಶಾಸ್ತ್ರದ ಮೇಷ್ಟ್ರು ಪಾಠದಲ್ಲಿ ಹೇಳುವ ಬಂಡವಾಳ, ಶ್ರಮ, ಉದ್ಯಮಶೀಲತೆ ಎಲ್ಲ ಒಬ್ಬನಲ್ಲೇ ಇದ್ದವು. ಇರದಿದ್ದದ್ದು ಗೇಣಿಗೆ ಒಂದು ತುಂಡು ಭೂಮಿ. ಊರಲ್ಲಿ ಭೂಮಿ ಇರಲಿಲ್ಲ ಅಂತಲ್ಲ. ಒಡೆಯ ಸಂಕಪ್ಪಯ್ಯನ ಮನಸ್ಸು ಒಂದು ಗಳಿಗೆ ಮೆತ್ತಗಾಗಿಯೂ ಇತ್ತು. ಅವನ ತಾಯಿ ತಡೆದಳು. ಹೊಲೆಯ ಬೇಸಾಯಗಾರನಾಗುವುದು ಸಂಪ್ರದಾಯಕ್ಕೆ ವಿರುದ್ಧ. ಅಲ್ಲಿಗೆ ಮುಗೀತು. ಕಾನೂನು ಬರಲಿಲ್ಲ, ಪೊಲೀಸು ಬರಲಿಲ್ಲ, ದೊಣ್ಣೆಯೂ ಬೇಕಾಗಲಿಲ್ಲ. ಜಗಲಿಯ ಮೇಲಿನ ಒಂದು ಮಾತು ಒಂದು ಮನೆತನದ ಆರ್ಥಿಕ ಭವಿಷ್ಯವನ್ನು ತೀರ್ಮಾನಿಸಿತು. ಸ್ಥಳೀಯ ಸಂಸ್ಕೃತಿಯ ಶಕ್ತಿ ಅಂದರೆ ಇದು.

ಅದೇ ಚೋಮನಿಗೆ ಸಾಲ ಕೊಡುವಾಗ ಯಾವ ಸಂಪ್ರದಾಯವೂ ಅಡ್ಡ ಬರಲಿಲ್ಲ ಅನ್ನುವುದನ್ನು ಗಮನಿಸಬೇಕು. ಸಾಲಕ್ಕಾಗಿ ಅವನ ಮಕ್ಕಳು ಕಾಫಿ ತೋಟಕ್ಕೆ ಹೋಗುವಾಗ ಮೈಲಿಗೆಯ ಮಾತು ಎದ್ದಿಲ್ಲ. ಮಗಳು ಬೆಳ್ಳಿಯ ಮೈಮೇಲೆ ತೋಟದ ರೈಟರು ಕೈ ಹಾಕುವಾಗಲೂ ಎದ್ದಿಲ್ಲ. ಹೊಳೆಯಲ್ಲಿ ಮುಳುಗುವ ಹುಡುಗನನ್ನು ಎತ್ತಬೇಕಾದಾಗ ಮಾತ್ರ ಮೈಲಿಗೆ ನೆನಪಾಗುತ್ತದೆ. ಅಂದಮೇಲೆ ಜಾತಿ ಎಲ್ಲ ಬಾಗಿಲನ್ನೂ ಮುಚ್ಚುವುದಿಲ್ಲ. ದುಡಿಮೆಯ ಬಾಗಿಲನ್ನು ಹಾರುಹೊಡೆದು ಇಟ್ಟು ಒಡೆತನದ ಬಾಗಿಲಿಗೆ ಬೀಗ ಹಾಕುತ್ತದೆ. ಮುಂದೆ ನಾವು ನೋಡುವ ನೀರು, ಹಾಲು, ಚರ್ಮ ಎಲ್ಲದರ ಕತೆಯೂ ಈ ಬೀಗದ ಕತೆಯೇ.

ಕಾರಂತರ ಕರುಣೆ ದೊಡ್ಡದು, ಅದನ್ನು ನಾವು ಗೌರವಿಸುತ್ತೇವೆ. 1933ರಲ್ಲಿ ಹೊಲೆಯನ ಭೂಮಿಯ ಆಸೆಯನ್ನು ಕಾದಂಬರಿಯ ನಡುಮಧ್ಯೆ ಇಟ್ಟವರು ಅವರು. ಆದರೆ ಕೊನೆಗೆ ಏನಾಯಿತು? ಚೋಮ ಎತ್ತುಗಳನ್ನು ಕಾಡಿಗೆ ಅಟ್ಟಿದ, ಗುಡಿಸಲ ಬಾಗಿಲು ಹಾಕಿಕೊಂಡ, ದುಡಿ ಬಾರಿಸುತ್ತಾ ಸತ್ತ. ಎತ್ತು ಹೋಯಿತು, ದುಡಿ ಉಳಿಯಿತು. ಓದುಗ ಕಣ್ಣೀರು ಒರೆಸಿಕೊಂಡು ದುಡಿಯನ್ನು ಸಂಸ್ಕೃತಿ ಅಂತ ಎತ್ತಿಟ್ಟುಕೊಂಡ. ಇವತ್ತಿನ ಅಭಿವೃದ್ಧಿಯ ಪಂಡಿತರು ಮಾಡುತ್ತಿರುವುದೂ ಇದನ್ನೇ. ದಲಿತರ ತಮಟೆಗೆ ವೇದಿಕೆ ಕೊಡುತ್ತಾರೆ. ಎತ್ತಿನ ಸುದ್ದಿ ಎತ್ತುವುದಿಲ್ಲ.

3

‘ಅದು ಕತೆ, ಕಲ್ಪನೆ’ ಅನ್ನುವವರಿಗಾಗಿ ಮಂಡ್ಯದ ಕಡೆಯ ಎರಡು ಹಳ್ಳಿಗಳ ಲೆಕ್ಕ ಇದೆ. ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ವಿದ್ವಾಂಸೆ 1954ರಿಂದ 1956ರವರೆಗೆ ಆ ಹಳ್ಳಿಗಳಲ್ಲಿ ಇದ್ದು ಮನೆಮನೆಯ ಆದಾಯ-ಖರ್ಚು ಬರೆದುಕೊಂಡರು. ನಿಜವಾದ ಹೆಸರು ಮುಚ್ಚಿ ಒಂದಕ್ಕೆ ವಾಂಗಾಲ, ಇನ್ನೊಂದಕ್ಕೆ ದಾಲೇನಾ ಅಂತ ಕರೆದರು. 1962ರಲ್ಲಿ ಅವರ ಪುಸ್ತಕ ಬಂತು. ಊರಿನ ಸಂಸ್ಕೃತಿ ಆರ್ಥಿಕ ಬೆಳವಣಿಗೆಯನ್ನು ಹೇಗೆ ತಿರುಗಿಸುತ್ತದೆ ಎಂಬುದಕ್ಕೆ ನಮ್ಮ ನೆಲದಿಂದ ಹುಟ್ಟಿದ ಇಂಥ ಪುಸ್ತಕಗಳು ಕಡಿಮೆ. ಆದರೂ ಅದನ್ನು ಕೇರಿಯ ಕಡೆಯಿಂದ ಓದಿದವರು ಇನ್ನೂ ಕಡಿಮೆ.

ಕನ್ನಂಬಾಡಿ ಕಟ್ಟೆಯ ನೀರು 1930ರ ದಶಕದಲ್ಲಿ ಕಾಲುವೆಯಲ್ಲಿ ಹರಿದು ಮಂಡ್ಯದ ಒಣನೆಲ ಹಸಿರಾಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ರಾಗಿ ಬೆಳೆಯುತ್ತಿದ್ದ ಕಡೆ ಕಬ್ಬು, ಭತ್ತ ಬಂದವು. ವಾಂಗಾಲಕ್ಕೆ ನೀರು ಸಿಕ್ಕಿತು. ದಾಲೇನಾದ ಹೊಲಗಳು ಕಾಲುವೆಗಿಂತ ಎತ್ತರದಲ್ಲಿದ್ದುದರಿಂದ ಅದಕ್ಕೆ ನೀರು ಹತ್ತಲಿಲ್ಲ. ನೀರು ಬಂದ ಊರು ಬದಲಾಗಿರಬೇಕು, ಬಾರದ ಊರು ಹಾಗೇ ಉಳಿದಿರಬೇಕು ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಆದದ್ದು ತಿರುಗುಮುರುಗು. ವಾಂಗಾಲದಲ್ಲಿ ದುಡ್ಡು ಹೆಚ್ಚಿತು, ಹಳೆಯ ಸಂಬಂಧಗಳು ಅಲುಗಲಿಲ್ಲ, ಬೇರು ಇನ್ನಷ್ಟು ಆಳಕ್ಕೆ ಇಳಿದವು. ದಾಲೇನಾದವರು ಸುತ್ತಮುತ್ತಲಿನ ಊರು ನೀರಾವರಿಯಾದದ್ದನ್ನು ನೋಡಿ ಹೊರಗೆ ಕಾಲಿಟ್ಟರು. ಮಂಡ್ಯಕ್ಕೆ ಕೆಲಸಕ್ಕೆ ಹೋದರು, ಬೇರೆ ಊರಲ್ಲಿ ಜಮೀನು ಹಿಡಿದರು, ಗಿರಣಿ ಹಾಕಿದರು, ವ್ಯಾಪಾರಕ್ಕೆ ಇಳಿದರು. ಅಲ್ಲಿ ಹಳೆಯ ಕಟ್ಟು ಸಡಿಲವಾಯಿತು. ಬೆಳವಣಿಗೆ ಹಳೆಯ ದುಡಿಮೆಯ ದಾರಿಯಲ್ಲೇ ನಡೆದರೆ ಹಳೆಯ ಸಮಾಜ ಉಳಿಯುತ್ತದೆ, ದುಡಿಮೆಯ ದಾರಿ ಬೇರೆಯಾದರೆ ಸಮಾಜವೂ ಅಲುಗುತ್ತದೆ ಎಂಬುದು ಎಪ್‌ಸ್ಟೀನರ ತೀರ್ಮಾನ.

ಆ ಅಲುಗದ ಸಂಬಂಧ ಯಾವುದು? ಮಂಡ್ಯ-ಮೈಸೂರು ಸೀಮೆಯವರಿಗೆ ಹೆಸರು ಗೊತ್ತು: ಹಳೇಮಗ. ಒಕ್ಕಲಿನ ಮನೆಗೆ ಕೇರಿಯ ಒಂದು ಮನೆ ತಲೆತಲಾಂತರದಿಂದ ಗಂಟುಬಿದ್ದಿರುತ್ತದೆ. ಗದ್ದೆಯಲ್ಲಿ ದುಡಿಯಬೇಕು, ಮದುವೆಗೆ ಸಾವಿಗೆ ಸೇವೆ ಮಾಡಬೇಕು. ಪ್ರತಿಯಾಗಿ ಸುಗ್ಗಿಯಲ್ಲಿ ಇಂತಿಷ್ಟು ಕಾಳು, ಇಂತಿಷ್ಟು ಹುಲ್ಲು. ಮಗ ಅಂತಾರೆ, ಹಳೇಮಗ! ಎಂಥ ಮುದ್ದಿನ ಮಾತು ನೋಡಿ. ಆದರೆ ಪಾಲು ಕೇಳಲು ಬಾರದ ಮಗ. ದಾಯಭಾಗದಲ್ಲಿ ಹೆಸರಿಲ್ಲದ ಮಗ. ನಡುಮನೆಗೆ ಕಾಲಿಡಬಾರದ ಮಗ.

ಈ ಪದ್ಧತಿಗೂ ಒಂದು ತರ್ಕ ಇದೆ ಅಂತ ಎಪ್‌ಸ್ಟೀನ್ ತೋರಿಸಿದರು. ಕಾಳಿನ ಅಳತೆ ಮೊದಲೇ ಗೊತ್ತಾಗಿರುತ್ತದೆ, ಬೆಳೆ ಹೆಚ್ಚಲಿ ತಗ್ಗಲಿ ಅದು ಬದಲಾಗುವುದಿಲ್ಲ. ಬರಗಾಲದಲ್ಲಿ ಒಕ್ಕಲಿಗನೂ ಹಳೇಮಗನೂ ಹೆಚ್ಚುಕಡಿಮೆ ಸಮನಾಗಿ ಹಂಚಿಕೊಂಡು ಬದುಕುಳಿಯುತ್ತಾರೆ. ಹುಲುಸಾದ ವರ್ಷ ಹೆಚ್ಚುವರಿಯೆಲ್ಲ ಒಕ್ಕಲಿಗನ ಕಣಜಕ್ಕೆ. ಅದಕ್ಕೇ ಎರಡು ಕಡೆಯವರೂ ಈ ಪದ್ಧತಿಗೆ ಅಂಟಿಕೊಂಡರು ಅನ್ನುತ್ತಾರೆ ಅವರು. ಲೆಕ್ಕ ಸರಿಯಾಗಿಯೇ ಇದೆ. ನಮ್ಮ ಜಗಳ ಲೆಕ್ಕದ ಜೊತೆಗಲ್ಲ. ಆ ಲೆಕ್ಕಕ್ಕೆ ‘ಒಪ್ಪಿಗೆ’ ಅನ್ನುವ ಹೆಸರು ಕೊಡುವುದರ ಜೊತೆಗೆ.

ಬರಗಾಲದಲ್ಲಿ ಸಾಯದಿರಲು ಒಂದು ಹಿಡಿ ಕಾಳು ಖಚಿತ ಅನ್ನುವುದು ಯಾರಿಗೆ ದೊಡ್ಡದಾಗಿ ಕಾಣುತ್ತದೆ? ಒಂದು ಗುಂಟೆ ಭೂಮಿಯೂ ಇಲ್ಲದವನಿಗೆ. ಭೂಮಿ ಯಾಕಿಲ್ಲ ಅನ್ನುವುದಕ್ಕೆ ಸಂಕಪ್ಪಯ್ಯನ ತಾಯಿ ಉತ್ತರ ಕೊಟ್ಟಿದ್ದಾಳೆ. ಮೊದಲು ಒಡೆತನದ ಬಾಗಿಲಿಗೆ ಬೀಗ ಹಾಕಿ, ಆಮೇಲೆ ಹೊರಗೆ ನಿಂತವನಿಗೆ ಒಂದು ಮೊರ ಕಾಳು ಹಾಕಿ, ‘ನೋಡಿ, ಅವನೇ ಒಪ್ಪಿ ನಿಂತಿದ್ದಾನೆ’ ಅನ್ನುವುದು ಯಾವ ನ್ಯಾಯ? ಹಸಿವಿನ ಮುಂದೆ ಕೊಟ್ಟ ಒಪ್ಪಿಗೆಯನ್ನು ನಾವು ಸಂಸ್ಕೃತಿ ಅಂತ ಕರೆಯುವುದಿಲ್ಲ. ಕಾಲುವೆ ಬಂದಮೇಲೆ ಒಳ್ಳೆಯ ಬೆಳೆಯೇ ಸಾಮಾನ್ಯವಾಯಿತಲ್ಲ, ಬರಗಾಲದ ಭಯಕ್ಕಾಗಿ ಕಟ್ಟಿದ ಕರಾರು ಆಗ ಯಾರಿಗೆ ಲಾಭ? ನೀರು ಸರ್ಕಾರದ್ದು, ಬೆವರು ಕೇರಿಯದು, ಹೆಚ್ಚುವರಿ ಕಬ್ಬಿನ ದುಡ್ಡು ಊರಿನದು.

ದಾಲೇನಾದ ದಾರಿಯೇ ಬಿಡುಗಡೆಯ ದಾರಿ ಅಂತ ಕುಣಿಯುವುದೂ ಬೇಡ. ಹಳೇಮಗನ ಕಟ್ಟು ಬಿಚ್ಚಿದ ಮಾತ್ರಕ್ಕೆ ಭೂಮಿ ಕೈಗೆ ಬರುವುದಿಲ್ಲ. ಕಾಳಿನ ಭರವಸೆ ಹೋಗಿ ದಿನಗೂಲಿ ಉಳಿಯುತ್ತದೆ. ಎಪ್‌ಸ್ಟೀನ್ 1970ರಲ್ಲಿ ಮತ್ತೆ ಬಂದು ನೋಡಿ 1973ರಲ್ಲಿ ಇನ್ನೊಂದು ಪುಸ್ತಕ ಬರೆದರು. ಉಳ್ಳವರು ಮತ್ತು ಇಲ್ಲದವರ ನಡುವಿನ ಅಂತರ ಅಷ್ಟರಲ್ಲಿ ಹಿಗ್ಗಿತ್ತು. ಹಳೆಯ ಸಂಸ್ಕೃತಿ ಬಿಗಿದು ಹಿಡಿದರೂ ಸೋಲು, ಸಡಿಲಬಿಟ್ಟರೂ ಸೋಲು. ಒಡೆತನದ ಪ್ರಶ್ನೆ ಎತ್ತುವ ತನಕ ಕೇರಿಗೆ ಎರಡೂ ಒಂದೇ.

4

ಇನ್ನೊಬ್ಬನನ್ನು ನೋಡಿ, ನೀರಗಂಟಿ. ಹಳೆಯ ಮೈಸೂರಿನ ಕೆರೆ ಸೀಮೆಯಲ್ಲಿ ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಾಯಿಸುವವನು. ಎಷ್ಟೋ ಊರುಗಳಲ್ಲಿ ಅವನು ದಲಿತ. ಯಾವ ಗದ್ದೆಗೆ ಎಷ್ಟು ನೀರು ಬೇಕು, ಕೆರೆಯಲ್ಲಿ ಎಷ್ಟಿದೆ, ಯಾವ ದಿನಕ್ಕೆ ಯಾರ ಸರದಿ ಅನ್ನುವ ಜ್ಞಾನ ಅವನ ತಲೆಯಲ್ಲಿತ್ತು. ಆ ಜ್ಞಾನಕ್ಕೆ ಸಿಗುತ್ತಿದ್ದದ್ದು ಸುಗ್ಗಿಯಲ್ಲಿ ಒಂದಷ್ಟು ಆಯ, ಎಲ್ಲೋ ಒಂದು ತುಂಡು ಇನಾಮು. 2002ರಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ಕರ್ನಾಟಕದಲ್ಲಿ ಸಮುದಾಯ ಆಧಾರಿತ ಕೆರೆ ಯೋಜನೆ ಶುರುವಾಯಿತು. ಊರೂರಲ್ಲಿ ಕೆರೆ ಬಳಕೆದಾರರ ಸಂಘಗಳು ಹುಟ್ಟಿದವು. ಕೆರೆಯ ಪರಂಪರೆಯ ಜ್ಞಾನವನ್ನು ಹೊಗಳುವ ಮಾತುಗಳು ಎಲ್ಲ ಕಡೆ ಕೇಳಿದವು. ಕೆರೆಯನ್ನು ಸಮುದಾಯಕ್ಕೆ ಒಪ್ಪಿಸುವುದು ಒಳ್ಳೆಯದೇ. ಆದರೆ ಅಚ್ಚುಕಟ್ಟಿನಲ್ಲಿ ಗದ್ದೆ ಇದ್ದವನಿಗೆ ಕೆರೆಯ ನೀರು ಹಕ್ಕು, ತೂಬು ಎತ್ತುವವನಿಗೆ ಅದು ಚಾಕರಿ. ಪರಂಪರೆಯ ಜ್ಞಾನಕ್ಕೆ ಕೈಮುಗಿಯುವವರು ಆ ಜ್ಞಾನಿಯ ಪಹಣಿ ಎಲ್ಲಿದೆ ಅಂತ ಕೇಳುವುದಿಲ್ಲ.

ಊರ ಚಾಕರಿಯನ್ನು ಸಂಸ್ಕೃತಿ ಅಂದುಕೊಳ್ಳದೆ ಗುಲಾಮಗಿರಿ ಅಂತ ಗುರುತಿಸಿದವರು ಬಾಬಾಸಾಹೇಬರು. 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಮಹಾರ್ ವತನದ ವಿರುದ್ಧ ಮಸೂದೆ ತಂದರು. ಬೆಳಗಾವಿ, ಧಾರವಾಡ, ವಿಜಾಪುರ ಆಗ ಅದೇ ಪ್ರಾಂತದಲ್ಲಿದ್ದವು. ತುಂಡು ಭೂಮಿಗೆ, ಬೊಗಸೆ ಕಾಳಿಗೆ ಇಡೀ ಮನೆತನವನ್ನು ಹಗಲಿರುಳು ಚಾಕರಿಗೆ ಕಟ್ಟಿಹಾಕಿದ್ದ ಪದ್ಧತಿ ಅದು. ಆ ತುಂಡನ್ನು ಕಳೆದುಕೊಳ್ಳುವ ಭಯ ನಮ್ಮವರಲ್ಲೇ ಇತ್ತು. ಅಂಬೇಡ್ಕರರ ವಾದ ನೇರವಾಗಿತ್ತು: ಕೆಲಸಕ್ಕೆ ಸಂಬಳ ಬರಲಿ, ಭೂಮಿ ಭೂಮಿಯಾಗಿ ಉಳಿಯಲಿ, ಹುಟ್ಟಿನ ಋಣ ಹರಿಯಲಿ. ಕರ್ನಾಟಕದಲ್ಲಿ ತೋಟಿ, ತಳವಾರ, ನೀರಗಂಟಿ ಚಾಕರಿಗಳನ್ನು ರದ್ದು ಮಾಡುವ ಕಾಯಿದೆ ಬಂದದ್ದು 1961ರಲ್ಲಿ.

1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ಗೇಣಿದಾರನಿಗೆ ಭೂಮಿ ಕೊಟ್ಟಿತು. ದೊಡ್ಡ ಕೆಲಸ, ಅದನ್ನು ಸಣ್ಣದು ಮಾಡಬಾರದು. ಆದರೆ ‘ಉಳುವವನೇ ಒಡೆಯ’ ಅಂದಾಗ ಉಳುವವನು ಯಾರು ಅಂತ ನಿರ್ಧರಿಸಿದ್ದು ಗೇಣಿ ಚೀಟಿ. ಚೋಮನಂಥವನಿಗೆ ಗೇಣಿಯೇ ಸಿಕ್ಕಿರಲಿಲ್ಲ. ಸಂಪ್ರದಾಯ ಅವನನ್ನು ಗೇಣಿದಾರನಾಗಲು ಬಿಡಲಿಲ್ಲ, ಕಾನೂನು ಗೇಣಿದಾರನಲ್ಲದವನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಜೀತಕ್ಕಿದ್ದವನು ಮಣ್ಣು ಉತ್ತರೂ ಆಳು ಆಗಿಯೇ ಉಳಿದ. ಊರಿನ ಸಂಸ್ಕೃತಿ ಹೀಗೆ ಕಾನೂನಿನೊಳಕ್ಕೆ ಸದ್ದಿಲ್ಲದೆ ನುಸುಳುತ್ತದೆ. ಸರ್ಕಾರ ಮಂಜೂರು ಮಾಡಿದ ಭೂಮಿಯೂ ಸಾಲಕ್ಕೆ, ಮದುವೆಗೆ, ಹೆದರಿಕೆಗೆ ಕೈಬಿಟ್ಟು ಹೋಗುತ್ತಿದ್ದುದರಿಂದಲೇ 1978ರಲ್ಲಿ ಪಿ.ಟಿ.ಸಿ.ಎಲ್. ಕಾಯಿದೆ ಬೇಕಾಯಿತು. ತಡವಾಗಿ ಬಂದಿರಿ ಅಂತ ನ್ಯಾಯಾಲಯಗಳು ಅರ್ಜಿ ತಳ್ಳತೊಡಗಿದ ಮೇಲೆ 2023ರಲ್ಲಿ ಅದಕ್ಕೆ ತಿದ್ದುಪಡಿಯೂ ಬೇಕಾಯಿತು.

5

ಹಾಲಿನ ಡೇರಿಯ ಮಾತು ಚಿಕ್ಕದಾಗಿ ಹೇಳಿಬಿಡೋಣ. ಸಹಕಾರಿ ಡೇರಿ ನಮ್ಮ ಹಳ್ಳಿಗಳಲ್ಲಿ ಬಡವರ ಕೈಗೆ ಕಾಸು ತಂದ ಸಂಸ್ಥೆ. ಕೂಲಿಯ ಹೆಂಗಸು ಒಂದು ಹಸು ಕಟ್ಟಿದರೆ ವಾರವಾರ ಬಟವಾಡೆ ಕಾಣುತ್ತಾಳೆ. ಆದರೆ 2006ರಲ್ಲಿ ಬಂದ ‘ಗ್ರಾಮೀಣ ಭಾರತದಲ್ಲಿ ಅಸ್ಪೃಶ್ಯತೆ’ ಎಂಬ ಅಧ್ಯಯನ ಏನು ಹೇಳಿತು? ಘನಶ್ಯಾಮ್ ಶಾ, ಹರ್ಷ ಮಂದರ್, ಸುಖದೇವ್ ಥೋರಾಟ್ ಮೊದಲಾದವರು 11 ರಾಜ್ಯಗಳ 565 ಹಳ್ಳಿಗಳ ಮಾಹಿತಿ ತೆಗೆದು ಬರೆದ ಪುಸ್ತಕ ಅದು. ಹಾಲಿನ ಸಂಘಕ್ಕೆ ದಲಿತರು ಹಾಲು ಹಾಕಲು ಅಡ್ಡಿ ಇದ್ದ ಹಳ್ಳಿಗಳು ಹೆಚ್ಚುಕಡಿಮೆ ಅರ್ಧದಷ್ಟು ಎಂಬುದು ಅದರಲ್ಲಿದೆ. ದಲಿತನ ಹಸು ಕೊಡುವ ಹಾಲಿಗೆ ಫ್ಯಾಟು ಕಡಿಮೆಯೇ? ಇಲ್ಲ, ಅದು ಬೇರೆ ಅಳತೆ.

ಹಾಗಿದ್ದೂ ಡೇರಿಯಲ್ಲಿ ನಮಗೆ ಒಂದು ಪಾಠವಿದೆ. ಎಲ್ಲಿ ಸಂಘದ ನಿಯಮ ಗಟ್ಟಿಯಾಗಿದೆಯೋ ಅಲ್ಲಿ ಎಲ್ಲರ ಹಾಲೂ ಒಂದೇ ಕ್ಯಾನಿಗೆ ಬೀಳುತ್ತದೆ. ಕ್ಯಾನಿನೊಳಗೆ ಬಿದ್ದ ಹಾಲಿಗೆ ಕೇರಿ ಯಾವುದು, ಊರು ಯಾವುದು? ಮನೆಬಾಗಿಲಿಗೆ ಹೋಗಿ ಹಾಲು ಮಾರಲಾಗದವಳು ಅಳತೆಯ ಮೇಜಿನ ಮುಂದೆ ಸಾಲಿನಲ್ಲಿ ನಿಲ್ಲುತ್ತಾಳೆ. ಸಂಸ್ಕೃತಿಯನ್ನು ಬಗ್ಗಿಸುವ ಶಕ್ತಿ ಒಂದು ನಿಯಮಕ್ಕೂ ಇದೆ, ಒಂದು ಅಳತೆಯ ಯಂತ್ರಕ್ಕೂ ಇದೆ. ಊರಿನ ಪದ್ಧತಿಗೆ ಹೊಂದಿಕೊಂಡು ಹೋಗಿ ಅನ್ನುವವರು ಇದನ್ನು ನೆನಪಿಡಲಿ. ಹೊಂದಿಕೊಂಡಿದ್ದರೆ ಆ ಕ್ಯಾನು ಎರಡಾಗುತ್ತಿತ್ತು.

6

ಈಗ ಸಂಸ್ಕೃತಿಯೇ ಸರಕಾಗಿರುವ ಕಡೆಗೆ ಬರೋಣ. ಕೊಲ್ಹಾಪುರಿ ಚಪ್ಪಲಿ ಅಂತ ಜಗತ್ತೆಲ್ಲ ಕರೆಯುವ ಮೆಟ್ಟು ಕೊಲ್ಹಾಪುರದ್ದು ಮಾತ್ರ ಅಲ್ಲ. ಅಥಣಿ, ನಿಪ್ಪಾಣಿ ಸೀಮೆಯ ಸಮಗಾರರ, ಢೋರರ, ಮಾದಿಗರ ಕೈಯ ದುಡಿಮೆ ಅದು. ಜಾಲಿಯ ತೊಗಟೆ, ಅಳಲೆಕಾಯಿ ಹಾಕಿ ತೊಗಲು ಹದ ಮಾಡುತ್ತಾರೆ. ಮೊಳೆ ಹೊಡೆಯುವುದಿಲ್ಲ, ತೊಗಲಿನ ದಾರದಲ್ಲೇ ಹೊಲಿಯುತ್ತಾರೆ. ಗಂಡಸರು ಅಟ್ಟೆ ಕತ್ತರಿಸುತ್ತಾರೆ, ಹೆಂಗಸರು ಹೆಣಿಗೆ ಹಾಕುತ್ತಾರೆ. 2019ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆ ಸಿಕ್ಕಿತು, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗೂ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಸೇರಿ. ನೋಂದಾಯಿತ ಒಡೆಯರು ಎರಡು ರಾಜ್ಯಗಳ ಚರ್ಮ ಕೈಗಾರಿಕಾ ನಿಗಮಗಳು, ನಮ್ಮ ಕಡೆ ಲಿಡ್ಕರ್.

2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಇದೇ ಮೆಟ್ಟಿನಂಥ ಮೆಟ್ಟು ತೊಡಿಸಿ ಯುವಕರನ್ನು ನಡೆಸಿತು. ಎಲ್ಲಿಯದು, ಯಾರದು ಅಂತ ಹೇಳಲಿಲ್ಲ. ಗದ್ದಲವಾದ ಮೇಲೆ ಭಾರತದ ಕಸುಬಿನಿಂದ ಪ್ರೇರಣೆ ಅಂತ ಒಪ್ಪಿಕೊಂಡಿತು. ಮುಂಬಯಿ ಹೈಕೋರ್ಟಿಗೆ ಹೋದ ಸಾರ್ವಜನಿಕ ಅರ್ಜಿ ಜುಲೈನಲ್ಲಿ ವಜಾ ಆಯಿತು, ಅರ್ಜಿದಾರರು ಆ ಹೆಸರಿನ ನೋಂದಾಯಿತ ಒಡೆಯರಲ್ಲವೆಂದು. ಡಿಸೆಂಬರಿನಲ್ಲಿ ಕಂಪನಿ ಎರಡು ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಮಹಾರಾಷ್ಟ್ರ, ಕರ್ನಾಟಕದಲ್ಲಿ 2,000 ಜೊತೆ ಮಾಡಿಸುವುದು, ಜೊತೆಗೆ ಸುಮಾರು 800 ಯೂರೋ. ನಮ್ಮ ರೂಪಾಯಿಯಲ್ಲಿ ಎಂಬತ್ತು ಸಾವಿರಕ್ಕೂ ಮೇಲೆ.

ಪತ್ರಿಕೆಗಳು ‘ನಮ್ಮ ಸಂಸ್ಕೃತಿಯ ಕಳ್ಳತನ’ ಅಂತ ಕೂಗಿದವು. ಯಾರ ಸಂಸ್ಕೃತಿ, ಸ್ವಾಮಿ? ತೊಗಲು ಹದ ಮಾಡುವ ಕೇರಿಯ ವಾಸನೆಗೆ ಮೂಗು ಮುಚ್ಚಿಕೊಂಡು ಓಡಾಡಿದವರಿಗೆ, ಸಮಗಾರನಿಗೆ ಹೋಟೆಲಿನಲ್ಲಿ ಬೇರೆ ಲೋಟ ಇಟ್ಟವರಿಗೆ ಇಟಲಿಯವನು ಮುಟ್ಟಿದ ಕೂಡಲೇ ಆ ಮೆಟ್ಟು ‘ನಮ್ಮದು’ ಆಗಿಬಿಟ್ಟಿತು! ಮಾಡುವ ಕೈ ಮೈಲಿಗೆ, ಮಾಡಿದ ಮಾಲು ಪರಂಪರೆ. ಪ್ರಾಡಾದವನು ಹೆಸರು ಕದ್ದದ್ದು ಒಂದು ಋತುವಿಗೆ. ಊರಿನವರು ಈ ಕುಶಲಿಗಳ ಹೆಸರು ಅಳಿಸಿದ್ದು ತಲೆಮಾರುಗಳಿಂದ.

ಈ ಸೀಮೆಯ ಸಂಸ್ಕೃತಿಯಲ್ಲೇ ಇದಕ್ಕೆ ಉತ್ತರವೂ ಇದೆ. ಹನ್ನೆರಡನೆಯ ಶತಮಾನದ ಸಮಗಾರ ಹರಳಯ್ಯನ ಕತೆ ಎಲ್ಲರಿಗೂ ಗೊತ್ತು. ತನ್ನ ತೊಡೆಯ ಚರ್ಮದಿಂದ ಬಸವಣ್ಣನಿಗೆ ಮೆಟ್ಟು ಮಾಡಿಕೊಟ್ಟವನು. ಚಪ್ಪಲಿಯ ಪ್ರಚಾರಕ್ಕೆ ಇಂಥ ಕತೆ ಬಹಳ ಒಪ್ಪುತ್ತದೆ. ಭಕ್ತಿಯೂ ಇದೆ, ಕಸುಬೂ ಇದೆ. ಆದರೆ ಹರಳಯ್ಯನ ಕತೆ ತೊಡೆಯ ಚರ್ಮಕ್ಕೆ ಮುಗಿಯುವುದಿಲ್ಲ. ಅವನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು, ಅದಕ್ಕಾಗಿ ಎರಡೂ ಮನೆಯವರನ್ನು ಕೊಂದರು, ಕಲ್ಯಾಣ ಹೊತ್ತಿ ಉರಿಯಿತು. ತನ್ನ ಚರ್ಮವನ್ನೇ ಕೊಟ್ಟ ಸಮಗಾರನನ್ನು ಊರು ಒಪ್ಪುತ್ತದೆ. ಬೀಗನಾಗಲು ಬಂದ ಸಮಗಾರನನ್ನು ಕೊಲ್ಲುತ್ತದೆ. ಸೇವೆಯ ಬಾಗಿಲು ತೆರೆದು ಸಮಾನತೆಯ ಬಾಗಿಲಿಗೆ ಬೀಗ ಹಾಕುವ ಅದೇ ಕೈ. ಮೊದಲ ಅರ್ಧವನ್ನು ಬ್ರಾಂಡು ಮಾಡಿ ಎರಡನೆಯ ಅರ್ಧವನ್ನು ಮರೆಸುವ ಅಭಿವೃದ್ಧಿ ನಮಗೆ ಬೇಡ.

ಇನ್ನು ತೊಗಲು ಎಲ್ಲಿಂದ ಬರಬೇಕು? ಮಹಾರಾಷ್ಟ್ರ 2015ರಲ್ಲಿ ಗೋಹತ್ಯೆ ನಿಷೇಧವನ್ನು ಬಿಗಿ ಮಾಡಿತು. ಕರ್ನಾಟಕ 2020ರ ಕಾಯಿದೆಯಲ್ಲಿ 13 ವರ್ಷ ದಾಟಿದ ಎಮ್ಮೆ-ಕೋಣ ಬಿಟ್ಟು ಉಳಿದ ಜಾನುವಾರುಗಳ ವಧೆಯನ್ನು ನಿಲ್ಲಿಸಿತು. ಒಂದು ಕೈಯಲ್ಲಿ ಚಪ್ಪಲಿಗೆ ಪರಂಪರೆಯ ಮುದ್ರೆ, ಇನ್ನೊಂದು ಕೈಯಲ್ಲಿ ತೊಗಲಿಗೆ ಕಟ್ಟು. ಎರಡನ್ನೂ ಸಂಸ್ಕೃತಿಯ ಹೆಸರಲ್ಲೇ ಮಾಡಿದ್ದಾರೆ. ಎರಡು ಸಂಸ್ಕೃತಿ ಎದುರಾದಾಗ ಸರ್ಕಾರ ಯಾರ ಕಡೆ ನಿಂತಿತು ಅಂತ ನೋಡಿ. ತೊಗಲಿನ ಬೆಲೆ, ತೊಗಲು ಸಾಗಿಸುವವನ ಎದೆಬಡಿತ ಯಾವ ಯೋಜನಾ ವರದಿಯಲ್ಲಿದೆ? 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ದಲಿತ ಯುವಕರನ್ನು ಕಟ್ಟಿ ಬಡಿದರು. ಅಲ್ಲಿಯ ದಲಿತರು ಸತ್ತ ದನ ಎತ್ತುವುದನ್ನು ನಿಲ್ಲಿಸಿದರು, ಸುರೇಂದ್ರನಗರದಲ್ಲಿ ಸತ್ತ ದನಗಳನ್ನು ತಂದು ಕಲೆಕ್ಟರ ಕಚೇರಿಯ ಮುಂದೆ ಹಾಕಿದರು. ಊರಿಗೆ ಆಗ ಗೊತ್ತಾಯಿತು ಯಾರ ದುಡಿಮೆಯ ಮೇಲೆ ತನ್ನ ಮಡಿ ನಿಂತಿದೆ ಅಂತ. ಒಲ್ಲೆ ಅನ್ನುವುದೂ ಕೇರಿಯ ಸಂಸ್ಕೃತಿ. ಅದರ ಆರ್ಥಿಕ ಬೆಲೆಯನ್ನು ನಾವೇ ಇನ್ನೂ ಪೂರಾ ಲೆಕ್ಕ ಹಾಕಿಲ್ಲ.

ಹಾಗಂತ ಕಸುಬು ಬಿಟ್ಟುಬಿಡಿ ಅಂತ ನಾವು ಕೂತಲ್ಲಿಂದ ಅಪ್ಪಣೆ ಕೊಡುವವರಲ್ಲ. ಅಥಣಿಯಲ್ಲಿ ಸಮಗಾರ ಹೆಂಗಸರು ಸ್ವಸಹಾಯ ಸಂಘ ಕಟ್ಟಿಕೊಂಡು ಮೆಟ್ಟು ಮಾಡಿ ಹೊರದೇಶಕ್ಕೆ ಕಳಿಸಿದ್ದಾರೆ. ಹೆಣಿಗೆ ಹಾಕುವ ಕೈಗೆ ಪಾಸ್ ಪುಸ್ತಕ ಬಂದದ್ದು ಸಣ್ಣ ಮಾತಲ್ಲ. ಕೈಚಳಕ ಮೊದಲೂ ಇತ್ತು, ಸಾಹುಕಾರನ ಮುಂಗಡದಲ್ಲಿ ಮುಳುಗಿತ್ತು. ಬದಲಾದದ್ದು ಲೆಕ್ಕ ಯಾರ ಕೈಯಲ್ಲಿದೆ ಅನ್ನುವುದು. ಸಂಸ್ಕೃತಿಯಿಂದ ಕೇರಿಗೆ ಅನ್ನ ಹುಟ್ಟುವುದು ಇಷ್ಟು ಷರತ್ತಿನ ಮೇಲೆ: ಮಾಡುವ ಹಕ್ಕು, ಬೆಲೆ ಹೇಳುವ ಹಕ್ಕು, ಮಗನಿಗೆ ಬೇಡ ಅನ್ನಿಸಿದರೆ ಬಿಡುವ ಹಕ್ಕು, ಮೂರೂ ಒಟ್ಟಿಗೆ ಇರಬೇಕು. ಬಿಡಲು ಆಗದ ಕಸುಬು ಕಲೆಯಲ್ಲ, ಜೀತ.

7

ಗೆಳೆಯರೆ, ನಿಮ್ಮ ಊರಿಗೂ ನಾಳೆ ಒಂದು ಯೋಜನೆ ಬರುತ್ತದೆ. ಕೆರೆಯದೋ, ಡೇರಿಯದೋ, ಕಸುಬಿನದೋ. ದೇವಸ್ಥಾನದ ಮುಂದೆ ಸಭೆ ಕರೆಯುತ್ತಾರೆ. ಸ್ಥಳೀಯ ಸಂಸ್ಕೃತಿಯನ್ನು ಹೊಗಳುತ್ತಾರೆ. ತಮಟೆಯವರನ್ನು ಮೆರವಣಿಗೆಯ ಮುಂದೆ ನಿಲ್ಲಿಸುತ್ತಾರೆ. ಅಲ್ಲಿರುವ ಮೇಷ್ಟ್ರು, ವಿದ್ಯಾರ್ಥಿ, ಸಂಘಟನೆಯ ಹುಡುಗ ಎದ್ದು ನಿಂತು ಇವನ್ನು ಕೇಳಬೇಕು. ಸಭೆ ದೇವಸ್ಥಾನದ ಮುಂದೆ ಯಾಕೆ, ಕೇರಿಯವರು ಎಲ್ಲಿ ಕೂರಬೇಕು? ಕಟ್ಟಡ ಊರೊಳಗೋ, ಕೇರಿಯಲ್ಲೋ, ಎರಡಕ್ಕೂ ನಡುವೆಯೋ? ಆಸ್ತಿ ಯಾರ ಹೆಸರಲ್ಲಿ, ಬ್ಯಾಂಕಿನ ಸಹಿ ಯಾರದು? ಹೆಚ್ಚುವರಿ ಹುಟ್ಟಿದರೆ ಯಾವ ಅಳತೆಯಲ್ಲಿ ಹಂಚುತ್ತೀರಿ? ಊರಿನ ಸಾವಿಗೆ ತಮಟೆ ಬಡಿಯಲು ಒಲ್ಲೆ ಅಂದವನಿಗೂ ಈ ಸಂಘದಲ್ಲಿ ಸಾಲ ಸಿಗುತ್ತದೆಯೇ? ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲೇ ಆ ಯೋಜನೆಯ ಹಣೆಬರಹ ಇದೆ.

ನಮ್ಮ ಸಂಸ್ಕೃತಿಯನ್ನು ನಾವು ಬಿಟ್ಟುಕೊಡುತ್ತಿಲ್ಲ. ಕೇರಿಯಲ್ಲಿ ಒಬ್ಬರ ಮನೆಯ ಹಿಟ್ಟು ಮುಗಿದರೆ ಇನ್ನೊಬ್ಬರ ಮಡಕೆ ತೆರೆಯುವ ಸಂಸ್ಕೃತಿ ಇದೆ. ಮುಯ್ಯಾಳು ಇದೆ. ಹಾಡು ಇದೆ. ಇವೆಲ್ಲ ನಮ್ಮ ಬಂಡವಾಳವೇ. ಆದರೆ ಬಂಡವಾಳ ಹೂಡುವವನಿಗೆ ಲಾಭದಲ್ಲಿ ಪಾಲು ಸಿಗಬೇಕು ಅನ್ನುವ ಸರಳ ನ್ಯಾಯ ನಮಗೂ ಅನ್ವಯಿಸಲಿ ಅಂತ ಕೇಳುತ್ತಿದ್ದೇವೆ.

ಚೋಮನ ದುಡಿಯನ್ನು ಕೇಳಿ ಕಣ್ಣೀರು ಹಾಕಿದ್ದು ಸಾಕು. ಕಾಡಿಗೆ ಅಟ್ಟಿದ ಆ ಎತ್ತುಗಳನ್ನು ಹುಡುಕಿ ತರಬೇಕಾಗಿದೆ. ಎತ್ತು ಕೊಟ್ಟಿಗೆಯಲ್ಲಿ ನಿಂತು, ಪಹಣಿ ಪೆಟ್ಟಿಗೆಯಲ್ಲಿದ್ದು, ಸಂಜೆ ಮನಸ್ಸು ಬಂದಾಗ ಬಾರಿಸುವ ದುಡಿಯ ಸದ್ದೇ ಬೇರೆ.